ಕೆಳಗಿನ ಮೆಟ್ಟಿಲು

"ಏನೋ ಇದು ನಿನ್ನ ಲೈವು? ಮುಖ ಯಾವುದು, ಮೈಕ್ ಯಾವುದು ಗೊತ್ತಾಗ್ತಿಲ್ಲ. ಎಲ್ಲಾ ಚೌಕ ಚೌಕ!"

ಫೋನಿನಲ್ಲಿ ಅಮ್ಮ. ಆಸ್ಪತ್ರೆಯ ವಾರ್ಡಿನಲ್ಲಿ, ಅಜ್ಜಿಯ ಮಂಚದ ಪಕ್ಕ ಕೂತು, ಇನ್ನೊಂದು ಫೋನಿನಲ್ಲಿ ಲೈವ್ ಹಾಕಿಕೊಂಡಿದ್ದಳು. ಇತ್ತ ನರ್ಸಿಂಗ್ ಶಾಲೆಯ ಸಭಾಂಗಣದ ಹಿಂದಿನ ಮೂಲೆಯಲ್ಲಿ ಕ್ಯಾಮೆರಾ, ಲ್ಯಾಪ್‌ಟಾಪು, ಹಾವಿನ ಸಂಸಾರದಂಥ ವೈರುಗಳ ನಡುವೆ ಡೈಲಾಗ್ ನಿಂತಿದ್ದ. ಕೆಮ್ಮಿದರೂ ಸಿನಿಮಾ ಮಾತೇ ಬರುತ್ತದೆಂದು ಗೆಳೆಯರು ಇಟ್ಟ ಹೆಸರು. ಇಪ್ಪತ್ನಾಲ್ಕು ತುಂಬಿದರೂ ಹೆಸರೂ ಬಿಟ್ಟಿರಲಿಲ್ಲ, ಚಾಳಿಯೂ ಬಿಟ್ಟಿರಲಿಲ್ಲ.

"ಟೆನ್ಷನ್ ಬೇಡಮ್ಮಾ. ನಿನ್ನ ಮಗ ಇರೋ ಕಡೆ ಬಫರಿಂಗ್ ಬಾಗಿಲು ತಟ್ಟಿ ಬರುತ್ತೆ!"

"ನಿನ್ನ ತಲೆ! ಇಲ್ಲಿ ಸಿಗ್ನಲ್ ಎರಡೇ ಕಡ್ಡಿ. ದನಿ ಮಾತ್ರ ಗಂಟೆ ಹೊಡೆದ ಹಾಗೆ ಕೇಳ್ತಿದೆ. ಅದನ್ನ ತಗೊಂಡು ಅಜ್ಜಿ ಏನ್ ಮಾಡ್ತಾಳೋ?"

ಅವನು ಹಣೆ ಚಚ್ಚಿಕೊಂಡ. ಅಜ್ಜಿಗೆ ಕಿವಿ ಹೋಗಿ ಮೂವತ್ತು ವರ್ಷ. ತುಟಿ ನೋಡಿಯೇ ಮಾತು ತಿಳಿಯುವವಳು.

ಲೈವ್ ಎಂದರೆ ಒಂದೇ ದೃಶ್ಯದ ನಾಲ್ಕು ಪ್ರತಿ, ಸ್ಪಷ್ಟದಿಂದ ಮಸುಕಿನವರೆಗೆ, ನಾಲ್ಕು ಮೆಟ್ಟಿಲಿನ ಹಾಗೆ. ನೆಟ್ ಚೆನ್ನಾಗಿದ್ದರೆ ನೋಡುವವರ ಫೋನು ತಾನಾಗಿ ಮೇಲಕ್ಕೆ ಹತ್ತುತ್ತದೆ, ಸೊರಗಿದರೆ ತಾನಾಗಿ ಇಳಿಯುತ್ತದೆ. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲನ್ನು ಡೈಲಾಗೇ ಕೂತು ಕಟ್ಟಿದ್ದ. ಚಿತ್ರಕ್ಕೆ ಚಿಟಿಕೆಯಷ್ಟು ಡೇಟಾ, ದನಿಗೆ ಬೊಗಸೆ ತುಂಬ. 'ಚಿತ್ರ ಹೋದರೂ ಮಾತು ಹೋಗಬಾರದು' ಎಂದು ಎದೆ ತಟ್ಟಿಕೊಂಡಿದ್ದ, ಗಿರಾಕಿಗಳೂ ಹೊಗಳಿದ್ದರು. ಊರಿಗೆಲ್ಲ ಉಪಕಾರ ಮಾಡುವ ಭರದಲ್ಲಿ ಮನೆಯ ಮುದುಕಿಯೇ ಮರೆತುಹೋಗಿದ್ದಳು.

ಇನ್ನು ಹತ್ತು ನಿಮಿಷಕ್ಕೆ ಅಕ್ಕ ವೇದಿಕೆ ಹತ್ತಿ, ಪಾಸಾದ ನರ್ಸುಗಳೆಲ್ಲರ ಪರವಾಗಿ ಪ್ರತಿಜ್ಞೆ ಓದಬೇಕು. ಚಿಕ್ಕಂದಿನಲ್ಲಿ ಅಕ್ಕ ತೊದಲುತ್ತಿದ್ದಳು. ಮನೆಗೆ ಯಾರಾದರೂ ಬಂದರೆ ಬಾಗಿಲ ಸಂದಿಗೆ ಸೇರುತ್ತಿದ್ದವಳನ್ನು ಎಳೆದು ಎದುರು ಕೂರಿಸಿಕೊಂಡು, ಒಂದೊಂದು ಅಕ್ಷರಕ್ಕೂ ಬೆರಳಿನಿಂದ ಮೇಜು ತಟ್ಟಿ ಮಾತು ಕಲಿಸಿದವಳು ಅಜ್ಜಿ. "ನಿಧಾನಕ್ಕೆ ಹೇಳೇ. ನನಗೆ ಕೇಳಿಸಲ್ಲ, ಕಾಣಿಸಬೇಕು." ನಾಳೆ ಬೆಳಿಗ್ಗೆ ಅಜ್ಜಿಗೆ ಆಪರೇಷನ್. ಇವತ್ತು ಕಾಣಲಿಲ್ಲವೆಂದರೆ ಮುಂದಿನ ಮಾತು ಯಾರಿಗೆ ಗೊತ್ತು.

"ಅಣ್ಣಾ," ಡೈಲಾಗ್ ತಾನು ಕೆಲಸಕ್ಕಿದ್ದ ವಿಡಿಯೋ ಅಂಗಡಿಯ ಓನರ್ ಕಡೆ ತಿರುಗಿದ, "ಲೈವ್ ಒಂದೇ ಒಂದ್ನಿಮಿಷ ನಿಲ್ಲಿಸಿ, ಸೆಟ್ಟಿಂಗ್ ಬದಲಾಯಿಸ್ಲಾ?"

"ಸಾವಿರದ ಇನ್ನೂರು ಜನ ನೋಡ್ತಿದಾರೆ. ಅದು ನಿಂತ್ರೆ ನೀನೂ ನಿಂತೆ ಅಂತ ತಿಳ್ಕೋ."

ಡೈಲಾಗ್ ಉಗುರು ಕಚ್ಚಿದ. ಕೂತ, ಎದ್ದ, ಮತ್ತೆ ಕೂತ. ವೇದಿಕೆ ನೋಡಿದ. ಹಿಂದೆ ಜರಿಯ ಪರದೆ, ಅದರ ಮೇಲೆ ಓಡುವ ಬಣ್ಣದ ದೀಪದ ಸರ, ಎರಡು ಕಡೆ ಫ್ಯಾನು. ಪರದೆ ಜ್ವರ ಬಂದಂತೆ ನಡುಗುತ್ತಿತ್ತು. ಚಿತ್ರದಲ್ಲಿ ಅಲ್ಲಾಡಿದ್ದೆಲ್ಲ ಡೇಟಾ ತಿನ್ನುತ್ತದೆ. ಇದ್ದ ಚಿಟಿಕೆಯನ್ನೂ ಪರದೆಯೇ ನುಂಗಿದರೆ ಅಕ್ಕನ ತುಟಿಗೆ ಉಳಿಯುವುದೇನು?

"ಅಮ್ಮಾ, ಫೋನ್ ಇಡಬೇಡ."

ಓಡಿದ. ದೀಪದ ಪ್ಲಗ್ ಕಿತ್ತ. ಎರಡೂ ಫ್ಯಾನು ಆರಿಸಿದ. ಜರಿ ಪರದೆಯನ್ನು ಬದಿಗೆ ಸರ್ರನೆ ಎಳೆದಾಗ ಹಿಂದಿನ ಬೋಳು ಗೋಡೆ ಕಂಡಿತು. ವೇದಿಕೆಯ ಮೇಲೆ ಕೂತಿದ್ದ ಗಣ್ಯರು ಬೆವರೊರೆಸಲು ಕರವಸ್ತ್ರ ಹುಡುಕತೊಡಗಿದರು. ಅಷ್ಟರಲ್ಲಿ ಅಕ್ಕ ಮೈಕಿಗೆ ಬಂದಳು. ಡೈಲಾಗ್ ಕ್ಯಾಮೆರಾಕ್ಕೆ ಹಾರಿ, ಹಣೆಯಿಂದ ಗಲ್ಲದವರೆಗೆ ಅವಳ ಮುಖವೊಂದನ್ನೇ ಹಿಡಿದ.

"ಲೇ! ಗಣ್ಯರು ಫ್ರೇಮಲ್ಲೇ ಇಲ್ವಲ್ಲೋ!"

"ಹೀರೋಯಿನ್ ಎಂಟ್ರಿಗೆ ಸೈಡ್ ಆ್ಯಕ್ಟರ್ಸ್ ಯಾಕಣ್ಣಾ?"

"ನಾಳೆಯಿಂದ ಅಂಗಡಿ ಕಡೆ ತಲೆ ಹಾಕ್ಬೇಡ."

ಅದಕ್ಕೂ ಒಂದು ಡೈಲಾಗ್ ಇತ್ತು. ಅದನ್ನು ಬಿಟ್ಟು ಅಕ್ಕನ ತುಟಿಗೆ ಫೋಕಸ್ ಹಿಡಿದ.

ಅಕ್ಕ ಓದಿದಳು. ಸಾಲು ಸಾಲಾಗಿ, ನೀರು ಹರಿದ ಹಾಗೆ. ಕೊನೆಯ ಸಾಲಿಗೆ ಬಂದಳು. "ಇದು ನನ್ನ ಪ್ರ..."

ನಿಂತಿತು.

"ಪ್ರ... ಪ್ರ..."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಕ್ಕ ಕಣ್ಣು ಮುಚ್ಚಿದಳು. ಮೈಕಿನ ಕಂಬದ ಮೇಲೆ ಅವಳ ಬೆರಳು ಮೆಲ್ಲಗೆ ಎದ್ದು ಬಿತ್ತು, ಮೂರು ಸಲ. "ಪ್ರತಿಜ್ಞೆ."

ಚಪ್ಪಾಳೆ. ಅಕ್ಕ ಮೆಟ್ಟಿಲಿಳಿದು, ತನ್ನ ಕುರ್ಚಿಗೂ ಹೋಗದೆ ನೆಟ್ಟಗೆ ಹಿಂದಿನ ಮೂಲೆಗೆ ಬಂದಳು. ಮುಖ ಕೆಂಪಾಗಿತ್ತು.

"ಅಜ್ಜಿಗೆ ಕಾಣಿಸ್ತೇನೋ? ಕೊನೇಲಿ ಮಾನ ಕಳೆದೆ ನೋಡು."

ಡೈಲಾಗ್ ಫೋನನ್ನು ಕಿವಿಗೊತ್ತಿಕೊಂಡಿದ್ದ. ಇಲ್ಲಿ ಆದದ್ದು ಲೈವಿನಲ್ಲಿ ಅಲ್ಲಿಗೆ ಮುಟ್ಟಲು ಮುಕ್ಕಾಲು ನಿಮಿಷ ಬೇಕು.

"ಅಯ್ಯೋ," ಅತ್ತ ಅಮ್ಮ ಕೂಗಿದಳು, "ನಿಂತುಬಿಟ್ಟಳು ಕಣೋ!"

"ಇರೇ ಅಕ್ಕ," ಎಂದ ಅವನು. "ನೀನಿನ್ನೂ ಮುಗಿಸಿಲ್ಲ."

ಫೋನನ್ನು ಅವಳ ಕಿವಿಗಿಟ್ಟು ತಾನೂ ತಲೆ ಆನಿಸಿದ. ವಾರ್ಡಿನ ಗದ್ದಲ, ಯಾರದೋ ಕೆಮ್ಮು, ತಳ್ಳುಗಾಡಿಯ ಚಕ್ರ. ಅದರ ನಡುವೆ, ಕಬ್ಬಿಣದ ಮಂಚದ ಅಂಚಿಗೆ ಬೆರಳು ಬಡಿಯುವ ಸದ್ದು. ಟಕ್.

ಟಕ್.

ಅಕ್ಕ ಉಸಿರು ಬಿಗಿಹಿಡಿದು ಮೂರನೆಯದಕ್ಕೆ ಕಾದಳು.