ಕಾಲ ಮೇಲಿನ ಮಗು

ಜಲಜ ಹೋದದ್ದು ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗುವುದಾದರೂ ಹೇಗೆ? ಅವಳು ಅಡುಗೆಮನೆಯಲ್ಲೇ ನಿಂತಿದ್ದಳು. ಒಲೆಯ ಮೇಲೆ ಬಂಗುಡೆ ಸಾರು ಕುದಿಯುತ್ತಿತ್ತು. ತೆಂಗಿನ ಸಾಲಿನ ಆಚೆ ನಾವುಂದದ ಸಮುದ್ರ ಎಂದಿನಂತೆ ಗದ್ದಲ ಎಬ್ಬಿಸುತ್ತಿತ್ತು. ಆ ಗದ್ದಲ ಒಮ್ಮೆಲೇ ನಿಂತುಹೋಯಿತು.

ಮತ್ತೆ ಸದ್ದು ಕೇಳಿಸಿದಾಗ ಸಾರು ಸೀದು ಕರಿಯಾಗಿತ್ತು. ಮಗಳು ಶರಣ್ಯಾ ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣು ತಾಯಿಯ ಎದೆಯ ಮೇಲಿತ್ತು. ಜಲಜ ತಾನೂ ತಗ್ಗಿ ನೋಡಿಕೊಂಡಳು. ಮಾಡಿನ ಜಂತಿಗೆ ನೇತುಹಾಕಿದ್ದ ದಪ್ಪ ಸಾಂಬಾರು ಸೌತೆಕಾಯಿಗಳಲ್ಲಿ ಒಂದು ಅವಳ ತೋಳಿನಲ್ಲಿತ್ತು, ಸೆರಗು ಹೊದ್ದುಕೊಂಡು, ಒಂದು ತುದಿ ಮೊಣಕೈಯ ಮಡಿಕೆಯಲ್ಲಿ ತಲೆಯಿಟ್ಟ ಹಾಗೆ. ಹತ್ತೂ ಉಗುರು ನಾಟಿ ಸಿಪ್ಪೆ ಒಡೆದು ನೀರು ಸೋರುತ್ತಿತ್ತು.

"ಅಮ್ಮ, ನೀ ಎಲ್ ಹೋಯಿದ್ದೆ?"

"ಎಲ್ಲಿಗೂ ಹೋಯ್ಲಿಲ್ಲೆ ಮಗಾ. ಇಲ್ಲೇ ಇದ್ದೆ ಅಲ್ದಾ?"

ಸುಳ್ಳು ಹೇಳುವಾಗಲೂ ಬೆರಳು ಬಿಡಿಸಲು ಬರಲಿಲ್ಲ. ಶರಣ್ಯಾಳೇ ಒಂದೊಂದಾಗಿ ಬಿಡಿಸಬೇಕಾಯಿತು.

ಇದು ಹೊಸತೇನಲ್ಲ. ಗಂಡ ದೇವು ಬೋಟಿನಿಂದ ಬಂದಾಗಲೆಲ್ಲ ಒಂದಲ್ಲ ಒಂದು ಕಡೆ ಕರೆದುಕೊಂಡು ಹೋಗಿದ್ದ. ಗಾಳಿ ಸೋಕಿದೆ ಎಂದು ನೂಲು ಕಟ್ಟಿಸಿದ್ದಾಯಿತು, ತಲೆಗೆ ಎಣ್ಣೆ ಹಾಕಿಸಿದ್ದಾಯಿತು. ನೂಲು ಪಾಪ ಕೈಯಲ್ಲೇ ಉಳಿಯಿತು, ಜಲಜ ಮಾತ್ರ ಹೋಗುವುದು ಬಿಡಲಿಲ್ಲ. ವರ್ಷಕ್ಕೊಮ್ಮೆ ಹೋಗುತ್ತಿದ್ದವಳು ಮಗಳು ಬಸುರಿಯಾದ ಮೇಲೆ ವಾರಕ್ಕೊಮ್ಮೆ ಹೋಗತೊಡಗಿದಳು.

ಆ ಸಂಜೆ ಶರಣ್ಯಾ ಹೇಳಬಾರದ್ದನ್ನು ಹೇಳಿದಳು. "ಮಗಿನ್ ಮೀಸುಕೆ ಸುಂದರಿಯಕ್ಕನ್ ಕೇಂಡಿದೆ. ನೀ ಬೇಜಾರ್ ಮಾಡ್ಕಣ್ಬ್ಯಾಡ."

ಬೇಜಾರಂತೆ! ಬಾಣಂತಿ ತವರಿಗೆ ಬಂದರೆ ಮಗುವನ್ನು ಮೀಯಿಸುವುದು ಅಜ್ಜಿಯ ಹಕ್ಕು. ಬಚ್ಚಲಲ್ಲಿ ಕಾಲು ನೀಡಿ ಕೂತು, ಎಣ್ಣೆ ಹಚ್ಚಿದ ಮಗುವನ್ನು ಎರಡು ಮೊಣಗಂಟಿನ ಕೆಳಗೆ ಉದ್ದಕ್ಕೆ ಮಲಗಿಸಿಕೊಂಡು, ಹಂಡೆಯ ಬಿಸಿನೀರು ಹೊಯ್ಯುವ ಆ ಸುಖಕ್ಕಾಗಿ ಹೆಂಗಸರು ವರ್ಷಗಟ್ಟಲೆ ಕಾಯುತ್ತಾರೆ. ಅದನ್ನು ಸಂಬಳದ ಹೆಂಗಸಿಗೆ ಕೊಡುವುದೆಂದರೆ ಜಲಜಳಿಗೆ ಬದುಕಿದ್ದೂ ಸತ್ತ ಹಾಗೆ. ಆದರೆ ಉಗುರಿನ ಸಂದಿಯಲ್ಲಿ ಇನ್ನೂ ಸೌತೆಕಾಯಿಯ ಬೀಜವಿತ್ತು.

ಹಾಗಾಗಿ ಅವಳು ಕುಂದಾಪುರದ ಬಸ್ಸು ಹತ್ತಿದಳು. ಒಂದು ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ಸ್ವಾತಿ ಎಂಬ ಬ್ರಹ್ಮಾವರದ ಹುಡುಗಿ ಇಂಥವರಿಗೆ ಕೌನ್ಸೆಲಿಂಗ್ ಮಾಡುತ್ತಿದ್ದಳು. ತಾನು ಡಾಕ್ಟರಲ್ಲ ಎಂದು ಎಷ್ಟು ಹೇಳಿದರೂ ಜಲಜ ಅವಳನ್ನು ಡಾಕ್ಟ್ರಮ್ಮ ಮಾಡಿಬಿಟ್ಟಳು.

ತಡೆಯಲಾಗದ್ದು ನಡೆದಾಗ ಮನಸ್ಸು ಮೈಯನ್ನು ಅಲ್ಲೇ ಬಿಟ್ಟು ಓಡಿಹೋಗುವುದನ್ನು ಕಲಿಯುತ್ತದೆ, ಆಮೇಲೆ ಬೇಡದಾಗಲೂ ಓಡುತ್ತದೆ, ಇದು ಹುಚ್ಚಲ್ಲ, ತಿರುಗಿ ಬರುವುದನ್ನೂ ಕಲಿಸಬಹುದು ಎಂದು ಸ್ವಾತಿ ವಿವರಿಸಿದಳು. ಅಂಗಾಲನ್ನು ನೆಲಕ್ಕೆ ಒತ್ತಿಸಿದಳು. ಕಣ್ಣಿಗೆ ಕಂಡದ್ದರ ಹೆಸರು ಗಟ್ಟಿಯಾಗಿ ಹೇಳಿಸಿದಳು. ಮನಸ್ಸು ಜಾರುತ್ತದೆ ಅನಿಸಿದಾಗ ಅಂಗೈಯಲ್ಲಿ ಐಸ್ ತುಂಡು ಹಿಡಿಯಿರಿ ಎಂದಳು. ಜಲಜ ನಕ್ಕೇ ಬಿಟ್ಟಳು.

"ಅಯ್ಯೋ ಡಾಕ್ಟ್ರಮ್ಮ, ಮೀನ್ ಮಾರುವರ್ ಕೈ ಇದ್. ಮೂರ್ ಹೊತ್ತೂ ಐಸಂಗೇ ಇತ್ತ್. ನಾ ಹಿಡ್ದ್ರೆ ಐಸಿಗೇ ಚಳಿ ಆತ್ತ್ ಕಾಣಿ!"

ಸ್ವಾತಿಯೂ ನಕ್ಕಳು. ಐಸಿನ ಬದಲಿಗೆ ಮೇಜಿನ ಮೇಲಿದ್ದ ನುಣುಪಾದ ಕಲ್ಲೊಂದನ್ನು ಜಲಜಳ ಕೈಯಲ್ಲಿಟ್ಟು, "ಇದನ್ನ ಗಟ್ಟಿ ಹಿಡ್ಕಣಿ" ಅಂದಳು.

ತಪ್ಪಾದದ್ದು ಅಲ್ಲೇ. ಕೆಳಗೆ ರಸ್ತೆಯಲ್ಲಿ ಬಸ್ಸುಗಳ ಹಾರ್ನ್ ನಿಂತುಹೋಯಿತು. ಕೋಣೆಯೊಳಗೆ ಹೊಳೆಯ ಕೆಸರಿನ ವಾಸನೆ ಬಂತು. ಜಲಜ ತನ್ನ ಕೈ ನೋಡಿದಳು. ಅದು ಅವಳ ಕೈಯಾಗಿರಲಿಲ್ಲ. ಮೀನಿನ ಮುಳ್ಳು ಚುಚ್ಚಿದ ಕಲೆ ಒಂದೂ ಇರಲಿಲ್ಲ. ಹಸಿರು ಗಾಜಿನ ಬಳೆ ತೊಟ್ಟ, ಎಳೆಯ ಹೆಂಗಸಿನ ಕೈ. ಆ ಕೈ ಕಲ್ಲನ್ನು ಮುಚ್ಚಿಕೊಂಡಿತು.

ಜಲಜ ತಿರುಗಿ ಬಂದಾಗ ಬಿಸಿಲು ಗೋಡೆಯಿಂದ ನೆಲಕ್ಕೆ ಇಳಿದಿತ್ತು. ಸ್ವಾತಿ ಎದುರು ಕುಕ್ಕರಗಾಲಲ್ಲಿ ಕೂತು, ಇದು ಕುಂದಾಪುರ, ಇದು ನನ್ನ ಕೋಣೆ, ನೀವು ಜಲಜಕ್ಕ ಎಂದು ಮೆಲ್ಲಗೆ ಹೇಳುತ್ತಲೇ ಇದ್ದಳು. ಅವಳ ಮುಖ ಬಿಳುಚಿತ್ತು.

"ತಪ್ಪ್ ನಂದೇ ಜಲಜಕ್ಕ. ಹಿಡ್ಕಣಿ ಅಂದದ್ದೇ ತಪ್ಪ್. ಹೋಪುಕಿಂತ ಮುಂಚೆ ನಿಮ್ಗ್ ಎಂತ ಆತ್ತ್?"

"ಸಮುದ್ರದ್ ಸದ್ದ್ ನಿಂತ್ ಹೋತ್ತ್. ಮತ್ತ್ ಹೊಳಿ ಕೆಸ್ರಿನ್ ವಾಸ್ನಿ ಬತ್ತ್. ಆಮೇಲೆ ಬೆರ್ಳ್ ತನ್ನಷ್ಟಕ್ಕೇ ಮಡ್ಚತ್ತ್."

"ಹಾಂಗಾರೆ ಮಡ್ಚುವತ್ತಿಗೇ ಬಿಡ್ಸಿ ಕಾಂಬ. ಅಂಗೈ ಮೇಲ್ ಮಾಡಿ, ಪೂರಾ ಬಿಡ್ಸಿ."

ಜಲಜ ಕುರ್ಚಿಯಿಂದ ಎದ್ದೇ ನಿಂತಳು. "ಕೈ ಬಿಡುಕಾ? ನಿಮ್ಗ್ ಎಂತ ಗೊತ್ತಿತ್ತ್? ಅವತ್ತ್ ಗುಲ್ವಾಡಿ ಹೊಳಿಯಂಗೆ..."

"ಆ ಕಥಿ ಈಗ ಬ್ಯಾಡ," ಸ್ವಾತಿ ತಡೆದಳು. "ಒಂದ್ ದಿನ ಹೇಳಿ, ನಾ ಕೇಂತೆ. ಮೊದ್ಲ್ ಇಲ್ ನಿಂತ್ಕಂಬುಕೆ ಕಲಿವ."

ಸ್ವಾತಿಗೆ ಆಗ ಬೇಡವಾಗಿದ್ದರೂ ಓದುವ ನಿಮಗೆ ಹೇಳದೆ ಆಗದು. ಜಲಜಳ ತವರು ಗುಲ್ವಾಡಿ. ಶರಣ್ಯಾ ಹುಟ್ಟುವ ಮೊದಲು ಅವಳಿಗೆ ಗಂಡು ಮಗುವಿತ್ತು, ಕಿಟ್ಟ ಎಂದು ಕರೆಯುತ್ತಿದ್ದರು. ಬಾಣಂತನ ಮುಗಿಸಿ, ಹೊಸ ಹಸಿರು ಬಳೆ ತೊಟ್ಟು ಗಂಡನ ಮನೆಗೆ ಹೊರಟ ದಿನ ಹೊಳೆಯಲ್ಲಿ ದೋಣಿ ಮಗುಚಿತು. ಅವಳನ್ನು ಮೇಲಕ್ಕೆಳೆದಾಗ ತೋಳು ಎದೆಗೆ ಬಿಗಿದುಕೊಂಡೇ ಇತ್ತು. ದಡದಲ್ಲಿದ್ದವರು ಮಗು ಉಳಿಯಿತು ಎಂದು ದೇವರಿಗೆ ಕೈ ಮುಗಿದರು. ಬಿಡಿಸಿ ನೋಡಿದರೆ ಒಳಗೆ ಇದ್ದದ್ದು ಮಗುವಿಗೆ ಸುತ್ತಿದ್ದ ಬಟ್ಟೆ ಮಾತ್ರ. ಅವಳು ಕೈ ಬಿಟ್ಟಿರಲೇ ಇಲ್ಲ. ಆ ಹಸಿರು ಬಳೆಯವಳು ಇವತ್ತಿಗೂ ಬಿಟ್ಟಿಲ್ಲ. ಸಿಕ್ಕಿದ್ದನ್ನೆಲ್ಲ ಹಿಡಿಯುತ್ತಾಳೆ.

ಎಲ್ಲರೂ ಹೆದರಿದ್ದು ಜಲಜ ಹುಟ್ಟಲಿರುವ ಮೊಮ್ಮಗುವನ್ನು ಬೀಳಿಸಿಯಾಳು ಎಂದು. ಉಗುರು ನಾಟಿದ ಸಿಪ್ಪೆಯನ್ನು ಕಂಡಿದ್ದ ಶರಣ್ಯಾಳ ಹೆದರಿಕೆ ಬೇರೆಯೇ ಇತ್ತು, ಅಮ್ಮ ಬಿಡದೆ ಬಿಗಿಹಿಡಿದಾಳು ಎಂದು, ಮತ್ತು ಅದೇ ಸರಿಯಾಗಿತ್ತು.

ಅಂದಿನಿಂದ ಜಲಜ ಕೈ ಬಿಡಿಸುವುದನ್ನು ಕಲಿತಳು. ಈ ವಯಸ್ಸಿನಲ್ಲಿ ಇದೊಂದು ಕಲಿಕೆ! ಮೀನಿನ ಬುಟ್ಟಿಯ ಮುಂದೆ ಕೂತಾಗ ಮಾಡಿದಳು, ಬಸ್ಸಿನಲ್ಲಿ ಮಾಡಿದಳು. ಟಿಕೆಟ್ ಕೇಳಿದ ಕಂಡಕ್ಟರಿಗೆ ಎರಡೂ ಅಂಗೈ ತೋರಿಸಿ ಬೈಸಿಕೊಂಡಳು. ಸ್ವಾತಿ ಹೇಳಿಕೊಟ್ಟಂತೆ ಬಚ್ಚಲ ಬಾಗಿಲು ಹಾಕಿಕೊಂಡು, ಕಾಲ ಮೇಲೆ ಸೌತೆಕಾಯಿ ಮಲಗಿಸಿ, ಎಣ್ಣೆ ಹಚ್ಚಿ, ನೀರು ಹೊಯ್ದು, ಕೈ ಎತ್ತಿ, "ಇದ್ ನನ್ ಕಾಲ್, ಇದ್ ನಾವುಂದ" ಎಂದು ಹೇಳಿಕೊಂಡಳು. ಕೆಲವು ಸಲ ಹೋಗಿಯೂ ಬಿಟ್ಟಳು. ನೀರು ತಣಿದ ಮೇಲೆ ಒಡೆದ ಸೌತೆಕಾಯಿಯ ಜೊತೆ ವಾಪಸು ಬಂದಳು. ಅಂಥ ದಿನ ಅದನ್ನೇ ಹುಳಿ ಮಾಡಿದರೆ ಅವಳಿಗೆ ಸೇರುತ್ತಿರಲಿಲ್ಲ.

ಮಗು ಹುಟ್ಟಿತು, ಗಂಡು. ಮೀಯಿಸಲು ಸುಂದರಿ ಬರತೊಡಗಿದಳು. ಜಲಜ ನೀರು ಕಾಯಿಸಿ, ಬಾಗಿಲಲ್ಲಿ ನಿಂತು, ಇನ್ನೊಬ್ಬಳ ಕಾಲ ಮೇಲೆ ತನ್ನ ಮೊಮ್ಮಗ ಮೀಯುವುದನ್ನು ನೋಡಿದಳು. ಅಷ್ಟು ಹೊಟ್ಟೆ ಉರಿ ಅವಳಿಗೆ ಜನ್ಮದಲ್ಲಿ ಆಗಿರಲಿಲ್ಲ.

ಒಂದು ಬೆಳಿಗ್ಗೆ ಸುಂದರಿ ಬರಲಿಲ್ಲ, ಮಂಡಿನೋವಂತೆ. ಹಂಡೆಯಲ್ಲಿ ನೀರು ಹದವಾಗಿ ಕಾದಿತ್ತು. ಶರಣ್ಯಾ ಮಗುವನ್ನೆತ್ತಿಕೊಂಡು ತಾಯಿಯ ಕೈಗಳನ್ನು ಬಹಳ ಹೊತ್ತು ನೋಡಿದಳು.

"ನೀನೇ ಮೀಸ್. ನಾ ಇಲ್ಲೇ ಕೂಕಂತೆ."

ಜಲಜ ಕಾಲು ನೀಡಿದಳು. ಮಗು ಬಂದು ಕಾಲ ಮೇಲೆ ಮಲಗಿತು, ಎಣ್ಣೆಗೆ ಜಾರುತ್ತ. ಮೊದಲ ಚೊಂಬು ನೀರು ಹೊಯ್ದಳು. ಮಗು ಆಕಳಿಸಿತು. ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಸಮುದ್ರದ ಸದ್ದು ನಿಂತಿತು.

ಹೊಳೆಯ ಕೆಸರು ಮೂಗಿಗೆ ಅಡರಿತು. ಹಬೆಯೊಳಗೆ ಹಸಿರು ಬಳೆ ತೊಟ್ಟ ಎರಡು ಕೈ ಮಗುವಿನ ತೋಳನ್ನು ಸುತ್ತುತ್ತಿದ್ದವು. ಮಗು ಅಳುತ್ತಿತ್ತು, ಆದರೆ ಆ ಅಳು ನೀರಿನ ಅಡಿಯಿಂದ ಕೇಳುತ್ತಿತ್ತು. ಬಿಡಬೇಡ, ಎಂದಿತು ಆ ಕೈ, ಈ ಸಲ ಬಿಡಬೇಡ. ಅದರ ಮಾತು ಎಷ್ಟು ಸರಿ ಅನಿಸಿತೆಂದರೆ ಜಲಜ ಒಪ್ಪಿಯೇಬಿಟ್ಟಿದ್ದಳು.

ಬಾಗಿಲಲ್ಲಿ ಕೂತಿದ್ದ ಶರಣ್ಯಾ ಎದ್ದಳು. ಕಸಿದುಕೊಳ್ಳಬಾರದು, ಕಸಿದರೆ ಹಿಡಿತ ಬಿಗಿಯುತ್ತದೆ ಎಂದು, ತಾಯಿಯ ಜೊತೆ ಒಮ್ಮೆ ಕುಂದಾಪುರಕ್ಕೆ ಹೋಗಿದ್ದಾಗ ಸ್ವಾತಿ ಹೇಳಿದ್ದಳು. ಹಲ್ಲು ಕಚ್ಚಿ ನಿಂತು, "ಅಮ್ಮ, ಇದ್ ನಾವುಂದ. ಇದ್ ನಮ್ಮನಿ ಬಚ್ಚಲ್. ಹೊಳಿ ಅಲ್ಲ. ಬೆರ್ಳ್ ಬಿಡ್ಸ್ ಅಮ್ಮ," ಅಂದಳು.

ಬಚ್ಚಲ್. ಬಚ್ಚಲ ಕಲ್ಲು ತೊಡೆಯ ಅಡಿಯಲ್ಲಿ ಒರಟಾಗಿತ್ತು. ಜಲಜ ಅದಕ್ಕೆ ಹಿಮ್ಮಡಿ ಒತ್ತಿದಳು. ಕಿರುಬೆರಳು ಬಿಡಿಸಿದಳು. ಅವಳು ಕಿರುಚಿದಳು, ಆ ಎಳೆಯವಳು, ಜಲಜಳ ಎದೆಯೊಳಗೆ. ಜಲಜ ಇನ್ನೊಂದು ಬೆರಳು ಬಿಡಿಸಿದಳು. ಮತ್ತೊಂದು. ಕೊನೆಗೆ ಎರಡೂ ಕೈ ಹಬೆಯಲ್ಲಿ ಮೇಲೆದ್ದವು, ಖಾಲಿ, ಅಂಗೈ ಬಿಚ್ಚಿಕೊಂಡು, ಮೀನಿನ ಮುಳ್ಳು ಚುಚ್ಚಿದ ಕಲೆಗಳ ಸಮೇತ.

ಮಗು ಕಾಲ ಮೇಲೇ ಇತ್ತು. ಯಾರೂ ಹಿಡಿದಿರಲಿಲ್ಲ, ಆದರೂ ಇತ್ತು. ತೋಳಿನ ಮೇಲೆ ಕೆಂಪಗೆ ನಾಲ್ಕು ಗೆರೆ ಮೂಡಿದ್ದವು, ಚರ್ಮ ಒಡೆದಿರಲಿಲ್ಲ. ಅದು ಸಿಟ್ಟಿನಿಂದ ಕಾಲು ಝಾಡಿಸಿ, ಅಜ್ಜಿಯ ಸೀರೆಯ ಮೇಲೆ ಧಾರಾಳವಾಗಿ ಉಚ್ಚೆ ಹೊಯ್ದಿತು. ತೆಂಗಿನ ಸಾಲಿನ ಆಚೆ ಸಮುದ್ರ ಮತ್ತೆ ಗದ್ದಲಕ್ಕೆ ತೊಡಗಿತು.

ಜಲಜ ಬಾಗಿಲ ಕಡೆ ಮುಖ ಎತ್ತಿದಳು. ಕೆನ್ನೆ ಪೂರಾ ಒದ್ದೆಯಾಗಿತ್ತು.

"ಕಾಣ್ ಹೆಣೆ, ಬೀಳ್ಲಿಲ್ಲೆ."

"ಹೌದಮ್ಮ, ಕಂಡೆ," ಎಂದು ಶರಣ್ಯಾ ಅಳುತ್ತಲೇ ಚೊಂಬು ತುಂಬಿಸಲು ಬಗ್ಗಿದಳು. ಮಗಳು ಬಾಗಿಲು ಬಿಟ್ಟು ಹಂಡೆಯ ಕಡೆ ಬಗ್ಗಿದ ಮೇಲೂ ಜಲಜಳ ಕಣ್ಣು ಬಾಗಿಲಲ್ಲೇ ಇತ್ತು. ಅವಳು ಹೇಳಿದ್ದು ಮಗಳಿಗಲ್ಲ. ಹೊಸ್ತಿಲಿನಾಚೆ ನೆಲ ಒದ್ದೆಯಾಗಿತ್ತು, ಗಾಜಿನ ಬಳೆಗಳ ಸದ್ದು ಅಂಗಳ ದಾಟಿ ಮೆಲ್ಲಗೆ ದೂರ ಹೋಗುತ್ತಿತ್ತು.