ಲೇನೆಯ ಕಿರೀಟ

ಚರ್ಚಿನ ಗೋಡೆ ಬೋಳಾಗಬೇಕಂತೆ. ಬರ್ಲಿನ್ನಿನಿಂದ ಬಂದ ಕಟ್ಟಡದ ಅಧಿಕಾರಿ ಹಾಗೆಂದ, ಪಾದ್ರಿ ತಲೆಯಾಡಿಸಿದ. ಹಿಂದಿನ ಕಾಲದ ಯುದ್ಧದಲ್ಲಿ ಸ್ವೀಡನ್ನಿನ ಸೈನಿಕರು ಬೆಂಕಿಯಿಟ್ಟಾಗಲೂ ಬೀಳದ ಕಲ್ಲಿನ ಗೋಡೆಗೆ ಈಗ ಹೊಸ ಸುಣ್ಣ, ಚಾವಣಿಗೆ ನೀಲಿ ಬಣ್ಣ, ಅದರ ತುಂಬ ಚಿನ್ನದ ನಕ್ಷತ್ರ. ಮದುವೆಯಾಗದೆ ಸತ್ತ ಹುಡುಗಿಯರ ಹೆಸರಲ್ಲಿ ತಲೆಮಾರುಗಳಿಂದ ಗೋಡೆಯಲ್ಲಿ ತೂಗುತ್ತಿದ್ದ, ಕಾಗದದ ಹೂವಿನ ಮದುಮಗಳ ಕಿರೀಟಗಳಿಗೆ ಮಾತ್ರ ಜಾಗವಿಲ್ಲ.

“ದೂಳು ಹಿಡಿಯೋ ಸಾಮಾನು,” ಎಂದ ಪಾದ್ರಿ. “ಬೇಕಾದೋರು ಮನೆಗೆ ತಗೊಂಡ್ಹೋಗಿ. ಉಳಿದಿದ್ದನ್ನ ಸುಡಿಸ್ತೀನಿ.”

ಮನೆಗೆ! ಸತ್ತವರ ಕಿರೀಟ ಹೊಸಿಲು ದಾಟಿದರೆ ಆ ಮನೆಯಲ್ಲಿ ಇನ್ನೊಂದು ಹೆಣ ಬೀಳುತ್ತದೆಂದು ಊರಲ್ಲಿ ಯಾರಿಗೆ ಗೊತ್ತಿಲ್ಲ? ಇಲ್ಸಾಬೆಯ ಮನೆಯಲ್ಲಿ ತೊಟ್ಟಿಲ ಕೂಸಿತ್ತು, ಮಗನ ಮಗು. ಆದರೆ ಮಗಳು ಲೇನೆಯದೆಂದು ಅವಳಿಗೆ ಉಳಿದಿದ್ದುದು ಆ ಕಿರೀಟವೊಂದೇ. ಎಲ್ಬೆ ನದಿ ಹುಡುಗಿಯನ್ನು ನುಂಗಿ ಹೆಣವನ್ನೂ ಕೊಟ್ಟಿರಲಿಲ್ಲ, ಸಮಾಧಿಯಿಲ್ಲ. ತನ್ನ ಮದುವೆಯ ಹಸಿರು ರಿಬ್ಬನ್ನು ಕತ್ತರಿಸಿ ಇಲ್ಸಾಬೆಯೇ ಅದಕ್ಕೆ ಕಟ್ಟಿದ್ದಳು, ಪ್ರತಿ ಭಾನುವಾರ ಅದರ ಮುಂದೆ ತಲೆಬಾಗುತ್ತಿದ್ದಳು.

ಸುಣ್ಣ ಬಳಿಯುವ ಕೂಲಿಗೆ ಬಂದವಳು ಟ್ರೀನೆ. ಅವಳ ಮಗಳು ಡೋರ್ಟೆ ಮದುವೆಯಿಲ್ಲದೆ ಬಸಿರಾಗಿ, ಹೆರಿಗೆಯಲ್ಲಿ ಸತ್ತಾಗ, “ಈ ಹಾದರದವಳ ಕಿರೀಟ ಇಲ್ಲಿ ತೂಗಿದ್ರೆ ನನ್ನ ಲೇನೆದನ್ನ ನಾನೇ ಕಿತ್ತೆಸೀತೀನಿ” ಎಂದು ಚರ್ಚಿನ ಬಾಗಿಲಿಗೆ ಅಡ್ಡ ನಿಂತವಳು ಇದೇ ಇಲ್ಸಾಬೆ. ಟ್ರೀನೆ ಕಿರೀಟವನ್ನು ಮನೆಗೆ ಹೊತ್ತೊಯ್ದಿದ್ದಳು. ಆ ಚಳಿಗಾಲದಲ್ಲೇ ಗಂಡ ತೀರಿಕೊಂಡ, ಅವಳು ಕಿರೀಟವನ್ನು ಒಲೆಗೆ ಹಾಕಿದಳು.

ಈಗ ಇಲ್ಸಾಬೆ ಅವಳ ಮುಂದೆಯೇ ಅಂಗಲಾಚಬೇಕು. ಕೆಲಸದ ನೆಪದಲ್ಲಿ ಗೋಪುರ ಹತ್ತಬಲ್ಲವಳು ಅವಳೊಬ್ಬಳೇ.

“ಟ್ರೀನೆ, ತಂಗೀ, ನನ್ನ ಲೇನೆ ಕಿರೀಟಾನ ಗೋಪುರದ ಮೂಲೇಲಾದ್ರೂ ಬಚ್ಚಿಡೇ.”

“ಓಹೋ, ಇವತ್ತು ತಂಗಿಯಾದ್ನಾ?” ಟ್ರೀನೆ ಏಣಿಯಿಂದ ಇಳಿಯಲಿಲ್ಲ. “ಹೋಗಕ್ಕಾ. ಸುಡೋಕೆ ಬಿಡಲ್ಲ.”

ಹೊಸ ಚರ್ಚು ತೆರೆದ ಭಾನುವಾರ ಊರೆಲ್ಲ ಬಾಯಿಬಿಟ್ಟುಕೊಂಡು ನಕ್ಷತ್ರ ನೋಡಿತು. ಇಲ್ಸಾಬೆ ಗೋಡೆ ನೋಡಿದಳು. ಹಾಲಿನಷ್ಟು ಬಿಳಿ. ಆ ಬಿಳುಪನ್ನು ಉಗುರಿನಿಂದ ಕೆರೆಯಬೇಕೆನ್ನಿಸಿತು.

ಹೊರಗೆ ಬಂದಾಗ, ಬೇಲಿಯ ಪಕ್ಕ, ಕೆಟ್ಟವರನ್ನು ಹೂಳುವ ಜಾಗದಲ್ಲಿ, ಡೋರ್ಟೆಯ ಮರದ ಶಿಲುಬೆಗೆ ಲೇನೆಯ ಕಿರೀಟ ಹಾಕಿತ್ತು. ಹಸಿರು ರಿಬ್ಬನ್ನು ಗಾಳಿಗೆ ಆಡುತ್ತಿತ್ತು. ಇಲ್ಸಾಬೆ ಓಡಿಹೋಗಿ ಕೈ ಚಾಚಿದಳು.

“ತಗೋ ಅಕ್ಕಾ, ನಿಂದೇ ತಾನೆ?” ಹಿಂದಿನಿಂದ ಟ್ರೀನೆ ಅಂದಳು. “ಮನೆಗೆ ಒಯ್ಯಿ. ನಾನೂ ಒಯ್ದಿದ್ದೆ.”

ತೊಟ್ಟಿಲ ಕೂಸು ನೆನಪಾಗಿ ಇಲ್ಸಾಬೆ ಕೈ ಹಿಂದೆಗೆದಳು. ಊರವರೆಲ್ಲ ನಿಂತು ನೋಡುತ್ತಿದ್ದರು. ಮಗಳ ಕಿರೀಟದ ಮುಂದೆ ಎಂದಿನಂತೆ ತಲೆಬಾಗದಿರಲು ಅವಳಿಂದಾಗಲಿಲ್ಲ. ಡೋರ್ಟೆಯ ಸಮಾಧಿಯ ಮುಂದೆ ಕೈಮುಗಿದು ತಲೆ ತಗ್ಗಿಸಿದಳು.