ಅಬ್ಬಿಗೆ ಹಾಕಿದ ನಲ್ಲಿ

ರೇವತಿಗೆ ಸಿಟ್ಟು ಬಂದರೆ ಬಾಳೂರಿನ ಜೀಪ್ ಸ್ಟ್ಯಾಂಡಿನವರೆಗೂ ಕೇಳಿಸುತ್ತದೆ ಎಂದು ಅವಳ ಗಂಡ ಶಿವಯ್ಯ ನೆಂಟರ ಮುಂದೆ ತಮಾಷೆ ಮಾಡುತ್ತಿದ್ದ. ಆದರೆ ಆ ಬೆಳಿಗ್ಗೆ ಅವಳು ನಾಲಿಗೆ ಕಚ್ಚಿಕೊಂಡು, ಸೆರಗು ಹೊದ್ದುಕೊಂಡು, ತೀರಾ ಸಾಧುವಾಗಿ ನಿಂತಿದ್ದಳು. ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ ಹುಡುಗಿಯ ಹೆಸರು ಮೇಘಶ್ರೀ. ಪ್ರವಾಸದ ಕಂಪನಿಯೊಂದರ ಪರವಾಗಿ ಬಂದವಳು. ಕಾಡು ಕಡಿಯದ, ಕಸ ಚೆಲ್ಲದ, ನೀರು ಹಾಳು ಮಾಡದ ಮನೆಗಳನ್ನು ಹುಡುಕಿ, ಅಂಥ 'ಇಕೋ' ಮನೆಗಳಿಗೆ ಮಾತ್ರ ಗಿರಾಕಿಗಳನ್ನು ಕಳಿಸುವುದು ಆ ಕಂಪನಿಯ ಪದ್ಧತಿ. ಹಿಂದಿನ ದಿನ ಬಂದು, ರಾತ್ರಿ ಉಳಿದು, ಈಗ ಹೊರಡುವವಳಿದ್ದಳು.

ಅವಳು ಒಪ್ಪಬೇಕಿತ್ತು. ಒಪ್ಪದಿದ್ದರೆ ಮರ ಹೋಗುತ್ತಿತ್ತು.

ಕಾಫಿಯ ಬೆಲೆ ನೆಲ ಕಚ್ಚಿದ ವರ್ಷಗಳು ಅವು. ಹಣ್ಣು ಕೊಯ್ಯಿಸಿದರೆ ಕೂಲಿಯೂ ಹುಟ್ಟುವುದಿಲ್ಲ ಎಂದು ಕೆಲವರು ಗಿಡದಲ್ಲೇ ಬಿಟ್ಟಿದ್ದರು. ಶಿವಯ್ಯನೂ ಸೋತು, ತೋಟದ ನೆತ್ತಿಯಲ್ಲಿದ್ದ ಹೆಬ್ಬಲಸು, ನಂದಿ, ಧೂಪದ ಮರಗಳನ್ನು ಮಾರಿಬಿಡೋಣ ಎಂದಿದ್ದ. ಟಿಂಬರ್ ವ್ಯಾಪಾರಿ ರುದ್ರಪ್ಪ ಬಂದು, ಗಬ್ಬದ ಎಮ್ಮೆಯ ಹೊಟ್ಟೆ ಸವರಿದ ಹಾಗೆ ಒಂದೊಂದು ಮರವನ್ನೂ ಸವರಿ ನೋಡಿದ್ದ. "ಪರ್ಮಿಟ್ಟಿನ ತಲೆಬಿಸಿ ನಂಗಿರ್ಲಿ ಶಿವಯ್ಯೋರೆ, ನೀವು ಹ್ಞೂಂ ಅಂದ್ರೆ ಸಾಕು" ಎಂದಿದ್ದ.

ರೇವತಿ ಅಡ್ಡ ನಿಂತಳು. ಆ ಮರಗಳ ಬುಡದಲ್ಲೇ ಮನೆಯ ಒರತೆ ಇತ್ತು.

"ಈ ಬೇಸಿಗೆ ಒಂದು ನಂಗೆ ಬಿಡಿ. ಎರಡು ಕೋಣೆ ಸಜ್ಜು ಮಾಡಿ ಹೋಂಸ್ಟೇ ನಡೆಸ್ತೀನಿ. ಜನ ಬಂದ್ರೆ ಮರ ಉಳೀತದೆ. ಬರ್ದಿದ್ರೆ ಕಡಿಸ್ಕೊಳ್ಳಿ, ನಾನು ಮಾತೇ ಆಡಲ್ಲ."

"ನೀನು ಮಾತೇ ಆಡಲ್ವ?" ಶಿವಯ್ಯ ಹುಬ್ಬೇರಿಸಿದ. "ಹಂಗಾದ್ರೆ ಜನ ಬರ್ದೇ ಇರ್ಲಿ ಅಂತ ಹರಕೆ ಹೊತ್ಕೊಬೇಕಾಯ್ತು ನಾನು."

ಹಾಗೆ ಶುರುವಾದ ಹೋಂಸ್ಟೇಗೆ ಹೊರನಾಡಿಗೆ ಹೋಗುವವರು ಒಬ್ಬಿಬ್ಬರು ದಾರಿ ತಪ್ಪಿ ಬಂದಂತೆ ಬಂದಿದ್ದರು, ಅಷ್ಟೆ. ಈ ಮೇಘಶ್ರೀ ಹ್ಞೂಂ ಅಂದರೆ ಬೇಸಿಗೆ ಪೂರ್ತಿ ಜನ ಬರುತ್ತಾರೆ.

ಮೇಘಶ್ರೀಗೆ ಎಲ್ಲವೂ ಹಿಡಿಸಿತ್ತು. ಕಡುಬು ಹಿಡಿಸಿತು, ಮಾವಿನಮಿಡಿ ಉಪ್ಪಿನಕಾಯಿ ಹಿಡಿಸಿತು, ಮಣ್ಣಿನ ಗೋಡೆಯ ತಂಪು ಹಿಡಿಸಿತು. ಹೊರಡುವಾಗ ಮಾತ್ರ ಹಿತ್ತಲಲ್ಲಿ ನಿಂತು ಹುಬ್ಬು ಗಂಟಿಕ್ಕಿದಳು.

"ಆಂಟಿ, ಈ ನೀರು ನಿನ್ನೆಯಿಂದ ಹೀಗೇ ಸುರೀತಾ ಇದೆಯಲ್ಲ? ನಲ್ಲಿ ಇಲ್ವಾ?"

ಒರತೆಯಿಂದ ಕಪ್ಪು ಪೈಪಿನಲ್ಲಿ ಇಳಿದು ಬರುವ ನೀರು ಅದು. ಅಬ್ಬಿ ಎನ್ನುತ್ತಾರೆ. ಶಿವಯ್ಯನ ಅಪ್ಪನ ಕಾಲದಲ್ಲಿ ಪೈಪಿನ ಜಾಗದಲ್ಲಿ ಅಡಿಕೆಮರ ಸೀಳಿ ಮಾಡಿದ ದೋಣಿ ಇತ್ತು. ಹಗಲೂ ರಾತ್ರಿ ಕಲ್ಲುಬಾನಿಗೆ ಬೀಳುವುದೇ ಅದರ ಕೆಲಸ. ಅದನ್ನು ಯಾರೂ ತೆರೆದದ್ದಿಲ್ಲ, ಮುಚ್ಚಿದ್ದೂ ಇಲ್ಲ.

"ನಮ್ಮಲ್ಲಿ ಹಿಂಗೇಯ" ಎಂದಳು ರೇವತಿ.

"ನಮ್ಮ ಗೆಸ್ಟುಗಳು ನೋಡಿದ್ರೆ ಮೊದ್ಲು ಇದನ್ನೇ ಕೇಳ್ತಾರೆ. ಇಕೋ ಅಂತ ಹೇಳಿ ನೀರು ಪೋಲು ಮಾಡಿದ್ರೆ ಹೇಗೆ? ಒಂದು ನಲ್ಲಿ ಹಾಕಿಸಿಬಿಡಿ. ಭಾನುವಾರ ಮೊದಲನೇ ಬ್ಯಾಚ್ ಕರ್ಕೊಂಡು ನಾನೇ ಬರ್ತೀನಿ. ಅವ್ರಿಗೆ ಹಿಡಿಸಿದ್ರೆ ಈ ಸೀಸನ್ ಪೂರ್ತಿ ನಿಮ್ಮದೇ."

ಜೀಪು ತಿರುವು ದಾಟುವ ಮೊದಲೇ ರೇವತಿ ಪ್ಲಂಬರಿಗೆ ಹೇಳಿಕಳಿಸಿದ್ದಳು.

"ಅಪ್ಪನ ಕಾಲದಿಂದ ಯಾರೂ ಮುಚ್ಚಿದ್ದಲ್ಲ ಅದು" ಎಂದ ಶಿವಯ್ಯ.

"ಅಪ್ಪನ ಕಾಲದಲ್ಲಿ ಇಕೋ ಇತ್ತಾ? ಸುಮ್ನಿರಿ."

ಹಿತ್ತಾಳೆಯ ನಲ್ಲಿ ಬಂತು. ಥಳಥಳ ಹೊಳೆಯಿತು. ರೇವತಿ ಅದನ್ನು ತಿರುಗಿಸಿದಳು, ಅಬ್ಬಿ ನಿಂತಿತು. ಹಿತ್ತಲು ಒಮ್ಮೆಗೇ ಎಷ್ಟು ಸುಮ್ಮನಾಯಿತೆಂದರೆ, ಅಡುಗೆಮನೆಯಲ್ಲಿ ಹಾಲು ಉಕ್ಕುವ ಸದ್ದೂ ಕೇಳಿಸಿತು. ಅವಳಿಗೇ ಒಂದು ಥರ ಆಯಿತು. ಆದರೂ ಅದನ್ನು ಗಂಡನ ಮುಂದೆ ಹೇಳುವ ಹೆಂಗಸಲ್ಲ ಅವಳು.

ಆ ನೀರು ಎಲ್ಲಿಗೆ ಹೋಗುತ್ತಿತ್ತು ಎಂದು ಅವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಬಾನಿ ತುಂಬಿ ಹೊರಚೆಲ್ಲಿದ ನೀರು ಕಣಿ ಎನ್ನುವ ಸಣ್ಣ ಕಾಲುವೆಯಲ್ಲಿ ಹರಿದು ಇಳಿಜಾರಿನ ಹುಚ್ಚಮ್ಮನ ಅಂಗಳಕ್ಕೆ ಹೋಗುತ್ತಿತ್ತು. ಅವಳ ತೊಟ್ಟಿ ತುಂಬಿಸಿ, ಎಮ್ಮೆಗೆ ಕುಡಿಸಿ, ಬಸಳೆ ಚಪ್ಪರ ನೆನೆಸಿ, ಆಮೇಲೆ ಗದ್ದೆಬಯಲು ಸೇರುತ್ತಿತ್ತು. ದಿನಾ ಬರುವುದು ಬಂದೇ ಬರುತ್ತದೆ ಎಂಬ ಧೈರ್ಯದಲ್ಲಿ ಅದು ರೇವತಿಯ ನೆನಪಿಗೇ ಬರಲಿಲ್ಲ. ಈಗ ನಲ್ಲಿ ಮುಚ್ಚಿದ್ದರಿಂದ ಒರತೆಯ ಗುಂಡಿ ಮೇಲೇ ಉಕ್ಕಿ, ನೀರು ಗುಡ್ಡದ ಆ ಪಕ್ಕದ ಹಳ್ಳಕ್ಕೆ ಜಾರಿಹೋಯಿತು. ಉಳಿತಾಯ ಏನೂ ಆಗಲಿಲ್ಲ, ದಾರಿ ಬದಲಾಯಿತು ಅಷ್ಟೆ.

ಶನಿವಾರ ಹುಚ್ಚಮ್ಮ ಏರು ಹತ್ತಿ ಬಂದಳು. ಇವರದೇ ತೋಟದಲ್ಲಿ ಕೆಲಸ ಮಾಡಿ ಬೆನ್ನು ಬಾಗಿದ ಮುದುಕಿ, ಬಾಯಿ ಮಾತ್ರ ಬಾಗಿರಲಿಲ್ಲ.

"ರೇವತಮ್ಮ, ಕಣಿ ಒಣಗ್ಯದೆ. ಮೇಲೆ ಎಂತಾಗ್ಯದೆ?"

"ನಲ್ಲಿ ಹಾಕ್ಸಿದೀನಿ. ನಾಳೆ ಒಂದಿನ ತಡ್ಕ ಮಾರಾಯ್ತಿ, ದೊಡ್ಡ ಗೆಸ್ಟುಗಳು ಬರ್ತಾರೆ."

"ಗೆಸ್ಟು ತಡ್ಕೋತಾರಾ ಕೇಳಿ. ನನ್ನ ಎಮ್ಮೆ ತಡ್ಕೊಳಲ್ಲ."

"ನಿನ್ನ ಎಮ್ಮೆಗೂ ನಿಂಗೂ ಒಂದೇ ಬಾಯಿ!"

"ಎಮ್ಮೆಗೆ ಬಾಯಿ ಇದ್ದಿದ್ರೆ ನಿಮ್ಮನ್ನ ಇನ್ನೂ ಚೆಂದ ಬೈತಿತ್ತು."

ರೇವತಿ ಬಾಗಿಲು ಬಡಿದುಕೊಂಡಳು. ಒಂದು ದಿನದ ಮಾತು ತಾನೇ ಎಂದು ತನಗೆ ತಾನೇ ಹೇಳಿಕೊಂಡಳು. ಜನ ಹೋದ ಮೇಲೆ ಬಿಟ್ಟರಾಯಿತು, ಮೊದಲು ಮರ ಉಳಿಯಲಿ.

ಭಾನುವಾರ ಜೀಪು ಬಂತು. ಗಂಡಸರು ಹೆಂಗಸರು ಸೇರಿ ಐದಾರು ಮಂದಿ ಇಳಿದರು. ಮೇಘಶ್ರೀ ಅವರನ್ನು ನೇರ ಹಿತ್ತಲಿಗೆ ಕರೆದುಕೊಂಡು ಹೋಗಿ ಹಿತ್ತಾಳೆ ನಲ್ಲಿ ತೋರಿಸಿದಳು. "ನೋಡಿ, ಒಂದು ಹನಿ ಪೋಲಾಗಲ್ಲ." ಅವರು ತಲೆದೂಗಿದರು. ಒಬ್ಬಾತ ನಲ್ಲಿಯ ಫೋಟೋ ತೆಗೆದ. ರೇವತಿಯ ಎದೆ ಹಗುರಾಯಿತು.

ಅಷ್ಟರಲ್ಲಿ ಬೇಲಿಯ ತಡಮೆ ದಾಟಿಕೊಂಡು ಹುಚ್ಚಮ್ಮ ಬಂದಳು. ಸೊಂಟದಲ್ಲಿ ಖಾಲಿ ಕೊಡ.

"ಹೋಂಸ್ಟೇ ಅಮ್ಮಾವ್ರೇ" ಎಂದಳು. ಯಾವತ್ತೂ ಹಾಗೆ ಕರೆದವಳಲ್ಲ. "ನೀವು ಕಣಿಗೆ ಬಿಡದಿದ್ರೆ ಬೇಡ. ಒಂದು ಕೊಡ ಕೈಯಲ್ಲಾದ್ರೂ ಕೊಡಿ."

"ಯಾರಿವ್ರು?" ಎಂದಳು ಮೇಘಶ್ರೀ.

"ಕೆಳಗಿನ ಮನೆಯೋಳು. ನೀವು ಒಳಗೆ ಬನ್ನಿ, ತಿಂಡಿ ಆರ್ತದೆ" ಎಂದಳು ರೇವತಿ ಅವಸರದಲ್ಲಿ.

ಹುಚ್ಚಮ್ಮ ಕದಲದೆ ಮೇಘಶ್ರೀಯ ಕಡೆ ತಿರುಗಿದಳು. "ಅಲ್ಲ ತಂಗೀ, ಪ್ಲಂಬರ್ ಹೇಳ್ದ, ನೀವೆಂತದೋ ಇಕೋ ಅಂತ ಹೇಳಿ ಈ ನಲ್ಲಿ ಹಾಕ್ಸಿದ್ರಂತೆ. ನಮ್ಮ ಕಡೆ ಇಕೋ ಅಂದ್ರೆ ತಗೋ ಅಂತ. ಕೈಯಲ್ಲಿರೋದನ್ನ ಇನ್ನೊಬ್ರಿಗೆ ನೀಡುವಾಗ ಹೇಳೋ ಮಾತು. ನಿಮ್ಮೂರಲ್ಲಿ ಮುಚ್ಕೊಳ್ಳೋಕೆ ಇಕೋ ಅಂತಾರಾ?"

ಯಾರೋ ಪಕ್ಕನೆ ನಕ್ಕರು. ಮೇಘಶ್ರೀ ನಗಲಿಲ್ಲ. ರೇವತಿಯ ಮುಖಕ್ಕೆ ರಕ್ತ ನುಗ್ಗಿತು. ಈ ಮುದುಕಿಯನ್ನು ಅಲ್ಲೇ ಬೈದು ಅಟ್ಟಬೇಕೆನಿಸಿತು. ಬಾಯಿ ತೆರೆದಳು. ಆದರೆ ಕಣ್ಣು ಕೊಡದ ಮೇಲೆ ಬಿತ್ತು. ಒಳಗೆಲ್ಲ ಒಣಗಿ, ತಳದಲ್ಲಿ ಒಂದು ಜೇಡ ಓಡಾಡುತ್ತಿತ್ತು. ತಾನು ಮದುವೆಯಾಗಿ ಬಂದ ಹೊಸತರಲ್ಲಿ ಈ ಕಣಿಯ ಸೊಪ್ಪು ಸದೆ ತೆಗೆಯುವುದನ್ನು ಕಲಿಸಿದ್ದು ಇದೇ ಹೆಂಗಸು. ಮರ ಉಳಿಸುವುದು ನೀರಿಗೋಸ್ಕರ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿ, ಆ ನೀರನ್ನೇ ತಾನು ಕಟ್ಟಿ ಹಾಕಿದ್ದಳು.

ಸಿಟ್ಟು ಬಂದದ್ದು ಬಂತು. ಎಲ್ಲಾದರೂ ಇಳಿಯಬೇಕಿತ್ತು.

"ರೀ, ಪಾನಾ ತನ್ನಿ!" ಎಂದು ಕೂಗಿದಳು. ಬಾಳೂರಿಗೆ ಕೇಳಿಸಿರಬೇಕು.

ಶಿವಯ್ಯ ಓಡಿಬಂದು ಕೊಟ್ಟ. ಪಾನಾ ಹಾಕಿ ತಿರುವಿ ತಿರುವಿ ನಲ್ಲಿಯನ್ನು ಕಿತ್ತಳು. ನೀರು ಮುಖಕ್ಕೇ ರಾಚಿತು, ಸೀರೆ ತೋಯಿಸಿತು, ಬಾನಿಗೆ ಧುಮುಕಿತು.

"ನೋಡಿ ಮೇಘಶ್ರೀ, ಈ ಮನೇಲಿ ನೀರು ನಿಲ್ಸಲ್ಲ. ನಿಲ್ಸಿದ್ರೆ ಈಯಮ್ಮನ ಮನೆ ಒಣಗ್ತದೆ. ಇದು ಪೋಲು ಅಂತಾದ್ರೆ ನಿಮ್ಮ ಜನ ಬರೋದು ಬೇಡ. ತಿಂಡಿ ಮಾಡಿದೀನಿ, ಅದನ್ನಂತೂ ತಿಂದೇ ಹೋಗ್ಬೇಕು."

ಮರಗಳು ಹೋದವು ಎಂದುಕೊಂಡಳು. ಶಿವಯ್ಯ ತಲೆ ಎತ್ತಿ ತೋಟದ ನೆತ್ತಿಯನ್ನು ನೋಡುತ್ತಿದ್ದ.

ಮೇಘಶ್ರೀ ಕಣಿಯಲ್ಲಿ ಒಣ ಎಲೆಗಳನ್ನು ತಳ್ಳಿಕೊಂಡು ಹೊರಟ ನೀರನ್ನೇ ನೋಡುತ್ತಾ ನಿಂತಿದ್ದಳು. "ಇದು ಎಲ್ಲಿಗೆ ಹೋಗತ್ತೆ?" ಎಂದಳು. "ನಾನು ಅವತ್ತು ಇದನ್ನ ಕೇಳ್ಲೇ ಇಲ್ಲ."

"ಬನ್ನಿ, ನಂಜೊತೆ ಇಳೀರಿ" ಎಂದಳು ಹುಚ್ಚಮ್ಮ.

ಎಲ್ಲರೂ ನೀರಿನ ಹಿಂದೆಯೇ ಇಳಿದರು. ತೊಟ್ಟಿಗೆ ಮೊದಲ ನೀರು ಬಿದ್ದಾಗ ಎಮ್ಮೆ ಹಗ್ಗ ಜಗ್ಗಿ ಮೂತಿ ಇಟ್ಟಿತು. ಫೋಟೋದವನು ನಲ್ಲಿಯನ್ನು ಮರೆತು ಎಮ್ಮೆಯ ಹಿಂದೆ ಬಿದ್ದ. ಮೇಘಶ್ರೀ ಮಾತ್ರ ಕಣಿಯ ಅಂಚಿನಲ್ಲಿ ಒಣಗಿ ಅಂಟಿದ್ದ ಬಿಳಿ ಪೊರೆಯನ್ನು ಉಗುರಿನಿಂದ ಕೆರೆದು ನೋಡಿದಳು.

"ಇದೇನು?"

"ನಿಮ್ಮ ಪೇಟೆಯೋರು ತಲೆ ತೊಳೆದ ನೊರೆ" ಎಂದಳು ಹುಚ್ಚಮ್ಮ. "ಹೋದ ತಿಂಗಳು ಬಂದೋರು ಬಿಟ್ಟಿದ್ದು. ಎಮ್ಮೆ ಮೂಸಿ ನೋಡಿ ಮುಖ ತಿರುಗಿಸ್ತು. ಮಲ್ಲಿಗೆ ವಾಸ್ನೆ ಅದ್ಕೆ ಆಗಲ್ಲ."

ಇದು ರೇವತಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅತಿಥಿಗಳ ಬಚ್ಚಲ ನೀರೂ ಅದೇ ಕಣಿಗೆ ಸೇರುತ್ತಿತ್ತು. "ಹೇಳ್ಬಾರ್ದಿತ್ತೇನೇ ನಂಗೆ?" ಎಂದಳು.

"ಹೇಳಿದ್ರೆ ಬೈತೀರಿ."

"ಹೇಳ್ದಿದ್ರೂ ಬೈತೀನಲ್ಲ!"

ಮೇಘಶ್ರೀ ಎದ್ದು ಕೈ ಒರೆಸಿಕೊಂಡಳು. "ಆಂಟಿ, ನಲ್ಲಿ ಬೇಡ. ನಂದೇ ತಪ್ಪು. ಆದ್ರೆ ಈ ನೊರೆ ನಿಲ್ಲಬೇಕು. ಬಚ್ಚಲ ನೀರು ಬೇರೆ ಕಡೆ ತಿರುಗಿಸೋಕೆ ಆಗತ್ತಾ?"

"ಬಾಳೆಗುಂಡಿಗೆ ಬಿಡ್ಬಹುದು" ಎಂದ ಶಿವಯ್ಯ. "ಇವತ್ತೇ ಕಣಿ ತೋಡ್ತೀನಿ."

"ಶಾಂಪೂ ತರೋ ಹಾಗಿಲ್ಲ, ಸೀಗೆಪುಡಿ ನಾನು ಕೊಡ್ತೀನಿ" ಎಂದಳು ರೇವತಿ. "ಕಣ್ಣುರಿ ಬಂದ್ರೆ ನನ್ನ ಬೈಬಾರ್ದು ಅಂತ ನಿಮ್ಮ ಜನಕ್ಕೆ ಮೊದ್ಲೇ ಹೇಳಿ."

ಬಂದವರು ಮರುದಿನವೂ ಉಳಿದರು. ಅವರು ಹೋದ ಮೇಲೆ ಬೇರೆಯವರು ಬಂದರು. ಯಾರು ಬಂದರೂ ಮೊದಲು ಕೇಳುವುದು ನಲ್ಲಿಯ ಮಾತೇ, ಯಾರು ಕೇಳಿದರೂ ರೇವತಿ ನೀರಿನ ಹಿಂದೆ ಕೆಳಗಿನ ಮನೆಗೆ ಅಟ್ಟುತ್ತಿದ್ದಳು. ಹುಚ್ಚಮ್ಮ ಅವರಿಗೆ ಮಜ್ಜಿಗೆ ಕೊಡಲು ಶುರುಮಾಡಿದಳು, ಆಮೇಲೆ ಅಕ್ಕಿರೊಟ್ಟಿ. "ನನ್ನ ಗಿರಾಕಿಗಳನ್ನೆಲ್ಲ ನೀನೇ ಹೊಡ್ಕೋತೀಯಲ್ಲೇ" ಎಂದು ರೇವತಿ ಮೇಲಿನಿಂದ ಕೂಗಿದರೆ, "ನೀರು ಬಿಟ್ಟೋರು ನೀವೇ ಅಲ್ವ" ಎಂದು ಅವಳು ಕೆಳಗಿನಿಂದ ಕೂಗುತ್ತಿದ್ದಳು.

ಬೇಸಿಗೆಯ ಕೊನೆಗೆ ರುದ್ರಪ್ಪ ಮತ್ತೆ ಬಂದ. ಶಿವಯ್ಯ ಮಣೆ ಹಾಕಿ ಕೂರಿಸಿದ.

"ಕಾಫಿ ಕುಡ್ಕೊಂಡು ಹೋಗು ಮಾರಾಯ. ಮರ ಕೊಡಲ್ಲ."

ರುದ್ರಪ್ಪ ಕಾಫಿ ಕುಡಿದು, ಗೇಟಿನ ಹತ್ತಿರ ನಿಂತು ಹೊಸ ಬೋರ್ಡನ್ನು ಓದಿದ. ಬಿಳಿ ಹಲಗೆ, ಮೇಲೆ ಹಸಿರು ಅಕ್ಷರ: ಇಕೋ.

"ಇದೆಂತ ಹೆಸ್ರು? ಎಂತ ಕೊಡ್ತೀರಿ ಇಲ್ಲಿ?"

"ನಿಂಗೆ ಕಾಫಿ ಕೊಟ್ವಲ್ಲ" ಎಂದಳು ರೇವತಿ ಜಗಲಿಯಿಂದ. ಹಿತ್ತಲಲ್ಲಿ ಅಬ್ಬಿ ಸುರಿಯುತ್ತಿತ್ತು. ಅದರ ಸದ್ದಿಗೆ ಅವಳು ಎರಡನೇ ಸಲ ಕೂಗಿ ಹೇಳಬೇಕಾಯಿತು.